ಬಾಣಂತನಕ್ಕೆ ಚಳಿದೇಶಕ್ಕೆ ಹೋಗುವವರಿಗೆ, ಆ ಮನೆಯ ನೀರಿನ ಪೈಪಿನ ಬಗ್ಗೆ

ಮಗಳ ಬಾಣಂತನಕ್ಕೆ ಅಮೆರಿಕಕ್ಕೋ ಕೆನಡಾಕ್ಕೋ ಹೊರಟ ಅಮ್ಮಂದಿರು ಈಗ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಎಲ್ಲ ಊರಲ್ಲೂ ಇದ್ದಾರೆ. ಹೊರಡುವ ಮೊದಲು ಫೋನ್ ಮಾಡಿ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಲೇಹ್ಯದ ಡಬ್ಬಿಯನ್ನು ಯಾವ ಬ್ಯಾಗಿನಲ್ಲಿ ಹಾಕೋದು, ಉಪ್ಪಿನಕಾಯಿ ಬಿಡ್ತಾರಾ, ಎಷ್ಟು ಸ್ವೆಟರ್ ಬೇಕು, ಇನ್ಶೂರೆನ್ಸ್ ಯಾವುದು ಮಾಡಿಸೋದು. ಎಲ್ಲ ಬೇಕಾದ್ದೇ. ಆದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಇರುವವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಉಂಟು. ಆ ಮನೆಯ ನೀರಿನ ಮೈನ್ ವಾಲ್ವ್, ಅಂದರೆ ಇಡೀ ಮನೆಗೆ ಬರುವ ನೀರನ್ನು ಬಂದ್ ಮಾಡುವ ವಾಲ್ವ್, ಎಲ್ಲಿದೆ?

ಅದು ಅಳಿಯ ನೋಡಿಕೊಳ್ಳುವ ವಿಷಯ ಅಲ್ವಾ ಅಂತ ಅನಿಸಬಹುದು. ಆದರೆ ಹಗಲು ಮನೆಯಲ್ಲಿ ಇರುವವರು ಯಾರು ಅಂತ ಯೋಚಿಸಿ ನೋಡಿ. ಅಳಿಯ ಕೆಲಸಕ್ಕೆ ಹೋಗಿರುತ್ತಾರೆ. ಮಗಳು ರಾತ್ರಿಯಿಡೀ ಮಗುವಿನ ಜತೆ ಎದ್ದು ಆಗಷ್ಟೇ ಕಣ್ಣು ಮುಚ್ಚಿರುತ್ತಾಳೆ. ಎಚ್ಚರವಾಗಿ ಓಡಾಡಿಕೊಂಡು ಇರುವುದು ನಾವು. ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಪೈಪ್ ಒಡೆದರೆ ಸದ್ದು ಮೊದಲು ಕೇಳುವುದು ನಮಗೆ. ಆಗ ಮಾಡಬೇಕಾದ್ದು ಒಂದು ನಿಮಿಷದ ಕೆಲಸ, ಆ ವಾಲ್ವ್ ತಿರುಗಿಸುವುದು. ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಫೋನ್ ಮಾಡಿ, ಮಗಳನ್ನು ಎಬ್ಬಿಸಿ, ಹುಡುಕಿ ಮುಗಿಸುವುದರೊಳಗೆ ಸೀಲಿಂಗ್ ಇಳಿದಿರುತ್ತದೆ.

ನಮ್ಮ ಮಗಳು ಇರುವುದು ಮಿನ್ನೆಸೋಟಾದಲ್ಲಿ, ಮಿನ್ನಿಯಾಪೊಲಿಸ್ ಹತ್ತಿರ. ನಾವಿಬ್ಬರೂ ಹೋಗಿದ್ದು ನಡು ಚಳಿಗಾಲದಲ್ಲಿ, ಯಾಕೆಂದರೆ ಮಗು ಹುಟ್ಟುವ ತಿಂಗಳನ್ನು ನಾವು ಆರಿಸುವ ಹಾಗಿಲ್ಲ. ನಮ್ಮೂರಲ್ಲಿ ಧನುರ್ಮಾಸದ ಬೆಳಿಗ್ಗೆ 20 ಡಿಗ್ರಿಗೆ ಇಳಿದರೆ ಶಾಲು ಹೊದೆಯುವವರು ನಾವು. ಅಲ್ಲಿ ಆ ವಾರ ರಾತ್ರಿ ಮೈನಸ್ 28, ಜತೆಗೆ ಗಾಳಿ. ಅಳಿಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಬೆಳಿಗ್ಗೆ ಕಾಫಿಗೆ ನೀರಿಡುವ ಅಂತ ಅಡುಗೆಮನೆಯ ನಳ್ಳಿ ತಿರುಗಿಸಿದೆ. ಸಣ್ಣ ಎಳೆಯ ಹಾಗೆ ಸ್ವಲ್ಪ ಬಂತು. ಆಮೇಲೆ ಅದೂ ನಿಂತಿತು.

ಬಚ್ಚಲಿನಲ್ಲಿ ನೀರು ಬರುತ್ತಿತ್ತು. ಮೇಲಿನ ಮಹಡಿಯಲ್ಲೂ ಬರುತ್ತಿತ್ತು. ಮಗಳು ಪಕ್ಕದ ಮನೆಯ ಹಿರಿಯ ಹೆಂಗಸಿಗೆ ಫೋನ್ ಮಾಡಿದಳು. ಅವರು ಹುಟ್ಟಿ ಬೆಳೆದದ್ದೆಲ್ಲ ಅದೇ ಚಳಿಯಲ್ಲಿ. ಏನಾಯ್ತು, ಹೇಗಾಯ್ತು ಅಂತ ಕೇಳುವ ಮೊದಲೇ ಅವರು ಕೇಳಿದ್ದು, ಮೈನ್ ವಾಲ್ವ್ ಎಲ್ಲಿದೆ ಅಂತ ಗೊತ್ತಾ, ಯಾರಾದರೂ ಅದರ ಹತ್ತಿರ ನಿಲ್ಲಬಹುದಾ? ಒಳ್ಳೆಯದಕ್ಕೆ ಅದು ನಮ್ಮನೆಯವರಿಗೆ ಗೊತ್ತಿತ್ತು. ತೋಟಕ್ಕೆ ಪೈಪ್ ಎಳೆದು, ನೀರು ಚಿಮ್ಮಿಸುವ ಜೆಟ್ ಕೂರಿಸಿ ಅಭ್ಯಾಸ ಇದ್ದವರು ಅವರು. ಯಾವ ಮನೆಗೆ ಹೋದರೂ ನೀರು ಎಲ್ಲಿಂದ ಬರ್ತದೆ, ಎಲ್ಲಿ ಕಟ್ ಮಾಡ್ತಾರೆ ಅಂತ ನೋಡದೆ ಅವರಿಗೆ ಸಮಾಧಾನ ಇಲ್ಲ. ಬಂದ ವಾರದಲ್ಲೇ ಬೇಸ್‌ಮೆಂಟಿಗೆ ಇಳಿದು ನೋಡಿಕೊಂಡಿದ್ದರು. ರಸ್ತೆಯಿಂದ ಬಂದ ಪೈಪ್ ಮುಂದಿನ ಗೋಡೆಯ ಬುಡದಲ್ಲಿ ನೆಲದಿಂದ ಮೇಲೆ ಬರುತ್ತದೆ. ಅಲ್ಲೇ ಮೀಟರ್, ಮೀಟರಿನ ಪಕ್ಕದಲ್ಲೇ ವಾಲ್ವ್.

ಹಿಡಿ ಉದ್ದಕ್ಕೆ ಇದ್ದರೆ ಅದು ಬಾಲ್ ವಾಲ್ವ್. ಕಾಲು ಸುತ್ತು ತಿರುಗಿಸಿ ಪೈಪಿಗೆ ಅಡ್ಡ ಮಾಡಿದರೆ ಬಂದ್. ಚಕ್ರದ ಹಾಗೆ ದುಂಡಗಿದ್ದರೆ ಗೇಟ್ ವಾಲ್ವ್, ಬಲಕ್ಕೆ ತುಂಬ ಸುತ್ತು ತಿರುಗಿಸಬೇಕು. ಹಳೆಯ ಗೇಟ್ ವಾಲ್ವ್ ವರ್ಷಗಟ್ಟಲೆ ಮುಟ್ಟದೆ ಇದ್ದರೆ ಬಿಗಿದುಕೊಂಡಿರುತ್ತದೆ. ಚಳಿ ಶುರುವಾಗುವ ಮೊದಲೇ ಅಳಿಯನ ಜತೆ ನಿಂತು ಒಂದು ಸಲ ಮುಚ್ಚಿ ತೆರೆದು ನೋಡುವುದು ಒಳ್ಳೆಯದು. ಅಪಾರ್ಟ್‌ಮೆಂಟ್ ಆದರೆ ವಾಲ್ವ್ ಒಳಗಿರಬಹುದು, ಇಲ್ಲದೆಯೂ ಇರಬಹುದು. ಇಲ್ಲದಿದ್ದರೆ ಕಟ್ಟಡ ನೋಡಿಕೊಳ್ಳುವವರ ತುರ್ತು ನಂಬರನ್ನು ಫ್ರಿಜ್ ಮೇಲೆ ಅಂಟಿಸಿಡಿ.

ಇನ್ನು ಪೈಪ್ ಯಾಕೆ ಒಡೆಯುತ್ತದೆ ಅನ್ನುವುದು. ಅದು ಅರ್ಥವಾದರೆ ಉಳಿದದ್ದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ.

ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾದಷ್ಟು ಉಬ್ಬುತ್ತದೆ. ಅಷ್ಟು ನಮಗೆಲ್ಲ ಶಾಲೆಯಲ್ಲೇ ಗೊತ್ತು. ಹಾಗಾಗಿ ಗಡ್ಡೆ ಕಟ್ಟಿದ ಜಾಗದಲ್ಲೇ ಪೈಪ್ ಸೀಳುತ್ತದೆ ಅಂತ ಎಲ್ಲರೂ ತಿಳಿಯುತ್ತಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅವರಿಗೆ ಕಂಡದ್ದು ಬೇರೆ. ಗಡ್ಡೆ ಮೊದಲು ಪೈಪಿನ ಒಂದು ಕಡೆ ಬಿರಡೆಯಾಗಿ ಕೂರುತ್ತದೆ. ಚಳಿ ಮುಂದುವರಿದಂತೆ ಆ ಬಿರಡೆ ಉದ್ದ ಬೆಳೆಯುತ್ತದೆ, ಬೆಳೆಯುತ್ತಾ ಎರಡೂ ಕಡೆಯ ನೀರನ್ನು ತಳ್ಳುತ್ತದೆ. ರಸ್ತೆಯ ಕಡೆಯ ನೀರಿಗೆ ಹಿಂದಕ್ಕೆ ಸರಿಯಲು ಜಾಗ ಉಂಟು, ಅದು ಮೈನ್ ಲೈನಿಗೆ ವಾಪಸ್ ಹೋಗುತ್ತದೆ. ನಳ್ಳಿಯ ಕಡೆ ಇರುವ ನೀರಿಗೆ ಎಲ್ಲಿಯೂ ದಾರಿ ಇಲ್ಲ. ಒಂದು ಕಡೆ ಗಡ್ಡೆ, ಇನ್ನೊಂದು ಕಡೆ ಮುಚ್ಚಿದ ನಳ್ಳಿ. ಮನೆಯ ಪೈಪಿನಲ್ಲಿ ಸಾಧಾರಣವಾಗಿ 40ರಿಂದ 80 ಪಿಎಸ್‌ಐ (ಒಂದು ಚದರ ಇಂಚಿಗೆ ಅಷ್ಟು ಪೌಂಡ್) ಒತ್ತಡ ಇರುತ್ತದೆ. ಹೀಗೆ ಸಿಕ್ಕಿಹಾಕಿಕೊಂಡ ನೀರಿನಲ್ಲಿ ಅದು ಸಾವಿರಗಟ್ಟಲೆಗೆ ಏರುತ್ತದೆ. ಆಗ ಎಲ್ಲಿ ಬಲ ಕಮ್ಮಿಯೋ ಅಲ್ಲಿ ಒಡೆಯುತ್ತದೆ. ಅದು ಗಡ್ಡೆಯಿಂದ ದೂರ, ಬೆಚ್ಚಗಿರುವ ಕೋಣೆಯ ಗೋಡೆಯಲ್ಲೂ ಆಗಿರಬಹುದು.

ಅಂದರೆ ಒಡೆಯುವುದು ಮುಚ್ಚಿದ ನಳ್ಳಿಯಿಂದ. ಚಳಿ ಜಾಸ್ತಿ ಇರುವ ರಾತ್ರಿ ನಳ್ಳಿಯನ್ನು ಸಣ್ಣಗೆ ಬಿಟ್ಟಿಡಿ ಅಂತ ಅಲ್ಲಿನವರು ಹೇಳುವುದು ಇದಕ್ಕೇ. ಹರಿಯುವ ನೀರು ಗಡ್ಡೆ ಕಟ್ಟುವುದೇ ಇಲ್ಲ ಅಂತ ಅಲ್ಲ, ಹನಿ ಹನಿ ಬೀಳುವ ನೀರು ಕಟ್ಟಬಹುದು. ಆದರೆ ನಳ್ಳಿ ಸ್ವಲ್ಪ ತೆರೆದಿದ್ದರೆ ಒತ್ತಡ ಏರಲು ಜಾಗ ಸಿಗುವುದಿಲ್ಲ. ನೀರು ನಿಂತರೂ ಪೈಪ್ ಉಳಿಯುತ್ತದೆ. ನೀರು ಪೋಲು ಮಾಡುವುದು ನಮಗೆ ಹೊಟ್ಟೆಗೆ ಕಿಚ್ಚು ಬಿದ್ದ ಹಾಗೆ ಆಗುತ್ತದೆ, ನನಗೆ ಗೊತ್ತು. ಏಪ್ರಿಲ್ ಮೇ ತಿಂಗಳಲ್ಲಿ ಒಂದು ಕೊಡಪಾನ ನೀರಿಗೆ ಕಾಯುವ ಊರಿನವರು ನಾವು. ನಳ್ಳಿ ಹನಿಯುವುದು ಕಂಡರೆ ಕೈ ತನ್ನಷ್ಟಕ್ಕೆ ಹೋಗಿ ಬಿಗಿ ಮಾಡುತ್ತದೆ. ಅಲ್ಲಿ ಮಾತ್ರ ಹಾಗೆ ಮಾಡಬೇಡಿ. ಮಗಳೋ ಅಳಿಯನೋ ರಾತ್ರಿ ನಳ್ಳಿ ಸಣ್ಣಗೆ ಬಿಟ್ಟಿದ್ದರೆ ಅದು ಬೇಕೆಂದೇ ಬಿಟ್ಟದ್ದು. ಕೆಳಗೆ ಒಂದು ಪಾತ್ರೆ ಇಟ್ಟುಬಿಡಿ, ಬೆಳಿಗ್ಗೆ ಗಿಡಕ್ಕೋ ಪಾತ್ರೆ ತೊಳೆಯಲಿಕ್ಕೋ ಆಗುತ್ತದೆ. ಒಂದೇ ಹಿಡಿಯ ನಳ್ಳಿಯಾದರೆ ಹಿಡಿಯನ್ನು ನಡುವಿನಲ್ಲಿ ಇಡಬೇಕು, ಬಿಸಿ ತಣ್ಣೀರು ಎರಡೂ ಪೈಪಿಗೆ ದಾರಿ ಆಗುವ ಹಾಗೆ. ಬಿಸಿನೀರಿನ ಪೈಪೂ ಹೆಪ್ಪುಗಟ್ಟುತ್ತದೆ. ರಾತ್ರಿ ಯಾರೂ ಬಳಸದೆ ಇದ್ದರೆ ಅದರೊಳಗಿನ ನೀರೂ ತಣ್ಣಗಾಗಿಯೇ ಆಗುತ್ತದಲ್ಲ.

ಅಡುಗೆಮನೆಯ ನಳ್ಳಿ ಮಾತ್ರ ಯಾಕೆ ನಿಂತಿತು? ಆ ಸಿಂಕ್ ಇರುವುದು ಹೊರಗೋಡೆಯಲ್ಲಿ, ಕಿಟಕಿಯ ಕೆಳಗೆ. ಕೆಳಗಿನ ಕಪಾಟಿನ ಬಾಗಿಲು ರಾತ್ರಿಯಿಡೀ ಮುಚ್ಚಿತ್ತು. ಬಾಗಿಲು ತೆರೆದು ಕೈ ಹಾಕಿದರೆ ಒಳಗೆ ಫ್ರಿಜ್ಜಿನಷ್ಟೇ ತಣ್ಣಗೆ. ಮನೆಯೊಳಗೆ 20 ಡಿಗ್ರಿ ಇದ್ದರೂ ಆ ಬೆಚ್ಚಗಿನ ಗಾಳಿ ಕಪಾಟಿನೊಳಗೆ ಹೋಗಲು ದಾರಿ ಇರಲಿಲ್ಲ. ಹಿಂದಿನ ಗೋಡೆಯಲ್ಲಿ ಪೈಪ್ ಹೊಗುವ ತೂತಿನ ಸುತ್ತ ಬೆರಳು ತೂರುವಷ್ಟು ಸಂದು ಇತ್ತು, ಅದರಿಂದ ಗಾಳಿ ಬರುತ್ತಿತ್ತು. ಬರೀ ಚಳಿಗಿಂತ ಹೀಗೆ ಸಂದಿನಿಂದ ನುಗ್ಗುವ ಗಾಳಿ ಪೈಪನ್ನು ಬಹಳ ಬೇಗ ಹೆಪ್ಪುಗಟ್ಟಿಸುತ್ತದೆ. ಆಮೇಲೆ ಅಳಿಯ ಆ ಸಂದನ್ನು ಫೋಮ್ ಹಾಕಿ ಮುಚ್ಚಿದರು. ಅಂದಿನಿಂದ ರಾತ್ರಿ ಚಳಿ ಜೋರಿದ್ದರೆ ಕಪಾಟಿನ ಬಾಗಿಲು ತೆರೆದಿಡುತ್ತಾರೆ. ಅಂಬೆಗಾಲಿಡುವ ಮಗು ಇರುವ ಮನೆಯಾದರೆ ಒಳಗಿನ ಸೋಪು, ಬ್ಲೀಚು ಮೊದಲು ಮೇಲೆ ಎತ್ತಿಡಬೇಕು.

ಸರಿ, ಅವತ್ತು ಮಾಡಿದ್ದು ಹೇಳುತ್ತೇನೆ. ನಮ್ಮನೆಯವರು ಬೇಸ್‌ಮೆಂಟಿನಲ್ಲಿ ವಾಲ್ವ್ ಪಕ್ಕ ನಿಂತರು. ನಾನು ಸಿಂಕಿನ ನಳ್ಳಿಯನ್ನು ಪೂರ್ತಿ ತೆರೆದಿಟ್ಟೆ, ಗಡ್ಡೆ ಕರಗಿದ ನೀರಿಗೂ ಹಬೆಗೂ ಹೊರಗೆ ಬರಲು ದಾರಿ ಬೇಕು. ಆಮೇಲೆ ನೆಲದ ಮೇಲೆ ಕೂತು ಮಗಳ ಹೇರ್ ಡ್ರೈಯರ್ ಹಿಡಿದೆ. ನಳ್ಳಿಯ ಬುಡದಿಂದ ಶುರು ಮಾಡಿ ನಿಧಾನಕ್ಕೆ ಗೋಡೆಯ ಕಡೆಗೆ ಹೋಗಬೇಕು, ಒಂದೇ ಜಾಗಕ್ಕೆ ಹಿಡಿದು ಕೂರಬಾರದು. ಗೋಡೆಯ ಕಡೆಯಿಂದ ಶುರು ಮಾಡಿದರೆ ಕರಗಿದ ನೀರು ಎರಡು ಗಡ್ಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಮತ್ತೆ ಅದೇ ಒತ್ತಡದ ಕಥೆ. ನಡುನಡುವೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿದೆವು. ಬಿಸಿನೀರು ಬಚ್ಚಲಿನಿಂದ ತಂದದ್ದು. ಮಗಳು ಮಗುವನ್ನು ಎತ್ತಿಕೊಂಡು ದೂರದಿಂದ ನೋಡುತ್ತಾ, ಪಕ್ಕದ ಮನೆಯವರು ಫೋನಿನಲ್ಲಿ ಹೇಳಿದ್ದನ್ನು ನನಗೆ ಹೇಳುತ್ತಿದ್ದಳು. ತಾಳ್ಮೆ ಬೇಕು, ಬಹಳ ಹೊತ್ತು ಹಿಡಿಯುತ್ತದೆ. ಕೊನೆಗೆ ನಳ್ಳಿ ಕೆಮ್ಮಿದ ಹಾಗೆ ಮಾಡಿ ಗಾಳಿ ಬಿಟ್ಟಿತು, ಮತ್ತೆ ಒಂದಷ್ಟು ಚೂರು, ಮತ್ತೆ ನೀರು.

ನೀರು ಬಂತು ಅಂತ ಕೆಲಸ ಮುಗಿಯಲಿಲ್ಲ. ಪೈಪ್ ಸೀಳಿದ್ದರೆ ಅದು ಗೊತ್ತಾಗುವುದು ಗಡ್ಡೆ ಕರಗಿದ ಮೇಲೆಯೇ, ಅಷ್ಟು ಹೊತ್ತು ಆ ಗಡ್ಡೆಯೇ ನೀರನ್ನು ತಡೆದು ಕೂತಿರುತ್ತದೆ. ವಾಲ್ವ್ ಹತ್ತಿರ ಒಬ್ಬರು ನಿಲ್ಲಬೇಕು ಅಂತ ಪಕ್ಕದ ಮನೆಯವರು ಹೇಳಿದ್ದು ಈ ಕಾರಣಕ್ಕೆ. ನೀರು ಬಂದ ಮೇಲೆ ನಾವು ಮನೆಯ ಎಲ್ಲ ನಳ್ಳಿ ಮುಚ್ಚಿ ಮೀಟರ್ ನೋಡಿದೆವು. ತುಂಬಾ ಮೀಟರ್‌ಗಳ ಮುಖದಲ್ಲಿ ಒಂದು ಸಣ್ಣ ತ್ರಿಕೋನವೋ ನಕ್ಷತ್ರದಂಥ ಚಕ್ರವೋ ಇರುತ್ತದೆ. ಎಲ್ಲ ನಳ್ಳಿ ಮುಚ್ಚಿದ್ದೂ ಅದು ತಿರುಗುತ್ತಿದ್ದರೆ ನೀರು ಎಲ್ಲೋ ಹೋಗುತ್ತಿದೆ ಅಂತ ಲೆಕ್ಕ. ನಮ್ಮದು ಅಲ್ಲಾಡಲಿಲ್ಲ. ಆದರೂ ಆ ದಿನವಿಡೀ ಬೇಸ್‌ಮೆಂಟಿಗೆ ಇಳಿದಾಗಲೆಲ್ಲ ಟಾರ್ಚ್ ಹಾಕಿ ಸೀಲಿಂಗ್ ನೋಡುತ್ತಿದ್ದೆವು. ಎಂಟನೇ ಒಂದು ಇಂಚಿನ ಬಿರುಕಿನಿಂದ ದಿನಕ್ಕೆ 250 ಗ್ಯಾಲನ್‌ನಷ್ಟು ನೀರು ಹೋಗಬಹುದು ಅಂತ ಅಲ್ಲಿ ಲೆಕ್ಕ ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಒಂಬೈನೂರು ಲೀಟರಿಗಿಂತ ಜಾಸ್ತಿ, ಒಂದು ಸಿಂಟೆಕ್ಸ್ ಟ್ಯಾಂಕ್ ಹತ್ತಿರ ಹತ್ತಿರ.

ಬೆಂಕಿ ಮಾತ್ರ ಬೇಡವೇ ಬೇಡ. ಅಲ್ಲಿನ ಮನೆಗಳ ಗೋಡೆ ಮರದ ಚೌಕಟ್ಟು, ನಡುವೆ ಚಳಿ ತಡೆಯಲು ಹತ್ತಿಯಂಥ ಇನ್ಸುಲೇಶನ್, ಮೇಲೆ ಹಲಗೆ. ಬ್ಲೋ ಟಾರ್ಚ್ ಹಿಡಿದು ಪೈಪ್ ಕರಗಿಸಲು ಹೋಗಿ ಮನೆ ಸುಟ್ಟುಕೊಂಡವರು ಪ್ರತಿ ಚಳಿಗಾಲದಲ್ಲೂ ಸುದ್ದಿಯಾಗುತ್ತಾರೆ. ಕುದಿಯುವ ನೀರನ್ನು ನೇರವಾಗಿ ಪೈಪಿನ ಮೇಲೆ ಹೊಯ್ಯುವುದೂ ಬೇಡ, ಹೆಪ್ಪುಗಟ್ಟಿದ ಪೈಪಿಗೆ ಒಮ್ಮೆಲೇ ಅಷ್ಟು ಬಿಸಿ ತಾಗಿದರೆ ಅದು ಬಿರಿಯಬಹುದು. ಕೆಳಗೆ ನೀರು ನಿಂತಿದ್ದರೆ ಹೇರ್ ಡ್ರೈಯರನ್ನೂ ಮುಟ್ಟಬಾರದು, ಕರೆಂಟ್ ಹೊಡೆಯುತ್ತದೆ.

ಗಡ್ಡೆ ಗೋಡೆಯ ಒಳಗೆ ದೂರದಲ್ಲಿದ್ದರೆ, ಅಥವಾ ಎಲ್ಲಿದೆ ಅಂತಲೇ ಗೊತ್ತಾಗದಿದ್ದರೆ, ನಾವು ಮಾಡಬಹುದಾದ್ದು ಕಮ್ಮಿ. ನಳ್ಳಿ ತೆರೆದಿಟ್ಟು, ಮನೆಯ ಹೀಟಿಂಗ್ ಜಾಸ್ತಿ ಮಾಡಿ, ಬಾಗಿಲುಗಳನ್ನೆಲ್ಲ ತೆರೆದು ಬಿಸಿ ಗಾಳಿ ಓಡಾಡುವ ಹಾಗೆ ಮಾಡಿ ಪ್ಲಂಬರನ್ನು ಕರೆಯಬೇಕು. ಒಂದೇ ನಳ್ಳಿ ನಿಂತಿದ್ದರೆ ಆ ನಳ್ಳಿಗೆ ಹೋಗುವ ಪೈಪಿನಲ್ಲಿ ಗಡ್ಡೆ. ಒಂದು ಮಹಡಿಯೇ ನಿಂತಿದ್ದರೆ ಆ ಕಡೆಗೆ ಹೋಗುವ ಪೈಪಿನಲ್ಲಿ. ಇಡೀ ಮನೆಗೆ ನೀರಿಲ್ಲ ಅಂದರೆ ಪಕ್ಕದ ಮನೆಗೆ ಬರುತ್ತಿದೆಯಾ ಕೇಳಿ. ಅವರಿಗೆ ಬರುತ್ತಿದ್ದು ನಮಗೆ ಮಾತ್ರ ಇಲ್ಲದಿದ್ದರೆ ರಸ್ತೆಯಿಂದ ಮನೆಗೆ ಬರುವ ಲೈನ್, ಅದಕ್ಕೆ ಊರಿನ ನೀರು ಇಲಾಖೆಗೇ ಫೋನ್ ಮಾಡಬೇಕು.

ನೆಲದಡಿಯ ಲೈನ್ ಹೆಪ್ಪುಗಟ್ಟುವುದು ಅಪರೂಪ. ಕಾರಣ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಗೆ ನೀರು ಸುರಂಗದ್ದು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒರತೆ ಹಿಡಿದ ಮೇಲೆ ನೀರು ತನ್ನಷ್ಟಕ್ಕೆ ಇಳಿದು ಬರುತ್ತದೆ, ಪಂಪೂ ಬೇಡ ಕರೆಂಟೂ ಬೇಡ. ಹಿಂದೆ ಅಡಿಕೆ ಮರ ಸೀಳಿ ತೋಡಿದ ದಂಬೆಯಲ್ಲಿ ಹರಿದು ಬರುತ್ತಿತ್ತು, ಈಗ ಪಿವಿಸಿ ಪೈಪು. ಡಿಸೆಂಬರ್ ಬೆಳಿಗ್ಗೆ ಸುರಂಗದ ಬಾಯಲ್ಲಿ ಆ ನೀರು ಮುಟ್ಟಿದರೆ ಬೆಚ್ಚಗೆ ಅನಿಸುತ್ತದೆ, ಏಪ್ರಿಲ್ ಮಧ್ಯಾಹ್ನ ಮುಟ್ಟಿದರೆ ತಣ್ಣಗೆ. ಎರಡು ಸಲವೂ ನೀರಿನ ಬಿಸಿ ಹೆಚ್ಚುಕಡಿಮೆ ಅಷ್ಟೇ, ಯಾಕೆಂದರೆ ಅಷ್ಟು ಒಳಗೆ ಮಣ್ಣಿಗೆ ಋತು ತಾಗುವುದಿಲ್ಲ. ಮಿನ್ನಿಯಾಪೊಲಿಸ್‌ನಲ್ಲೂ ರಸ್ತೆಯಡಿಯ ಪೈಪನ್ನು ಏಳೆಂಟು ಅಡಿ ಆಳಕ್ಕೆ ಹೂಳುವುದು ಇದೇ ಧೈರ್ಯದಲ್ಲಿ. ಮೇಲೆ ಮೈನಸ್ 30 ಇದ್ದರೂ ಅಷ್ಟು ಕೆಳಗೆ ನೀರು ನೀರಾಗಿಯೇ ಇರುತ್ತದೆ. ತೀರಾ ಕೆಟ್ಟ ಚಳಿಗಾಲದಲ್ಲಿ ಮಾತ್ರ ಹೆಪ್ಪು ಅಷ್ಟು ಆಳಕ್ಕೂ ಇಳಿಯುತ್ತದೆ. 2014ರಲ್ಲಿ ಮಿನ್ನೆಸೋಟಾ, ವಿಸ್ಕಾನ್ಸಿನ್ ಕಡೆ ಹಾಗಾಗಿ, ಹಗಲೂ ರಾತ್ರಿ ಒಂದು ನಳ್ಳಿ ಬಿಟ್ಟಿಡಿ ಅಂತ ಕೆಲವು ಊರುಗಳಲ್ಲಿ ನಗರಸಭೆಯವರೇ ಮನೆಯವರಿಗೆ ಹೇಳಿದ್ದರು. ಮೇಲಿನ ಚಳಿ ಕೆಳಗೆ ಇಳಿಯಲು ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ನೆಲದಡಿಯ ಲೈನಿಗೆ ಅಪಾಯ ಜನವರಿಗಿಂತ ಫೆಬ್ರವರಿ ಕೊನೆ, ಮಾರ್ಚ್ ಸುಮಾರಿಗೆ. ಹಿಮ ಕರಗಲು ಶುರುವಾಯಿತು, ಇನ್ನು ಭಯ ಇಲ್ಲ ಅಂತ ಅನಿಸುವ ಹೊತ್ತಿಗೆ.

ಮಗಳು ಇರುವುದು ಅಷ್ಟೇನೂ ಚಳಿ ಇಲ್ಲದ ಊರಲ್ಲಿ ಅಂತ ಹೇಳುವವರಿಗೆ ಇನ್ನೂ ಜಾಸ್ತಿ ಹೇಳಬೇಕು. ಇಲಿನಾಯ್‌ನವರ ಅದೇ ಪರೀಕ್ಷೆಯಲ್ಲಿ, ಇನ್ಸುಲೇಶನ್ ಇಲ್ಲದ ಜಾಗದ ಪೈಪಿಗೆ ಹೊರಗೆ 20 ಫ್ಯಾರನ್‌ಹೀಟ್, ಅಂದರೆ ಮೈನಸ್ 7 ಸೆಲ್ಸಿಯಸ್ ಹತ್ತಿರ ಬಂದರೆ ಅಪಾಯ ಶುರು ಅಂತ ಕಂಡಿತು. ಮಿನ್ನೆಸೋಟಾದಲ್ಲಿ ಮನೆ ಕಟ್ಟುವವರಿಗೆ ಚಳಿ ಗೊತ್ತು, ಪೈಪನ್ನು ಆದಷ್ಟು ಮನೆಯ ಒಳಭಾಗದಲ್ಲೇ ಎಳೆಯುತ್ತಾರೆ. ಟೆಕ್ಸಾಸ್‌ನಲ್ಲಿ ಬೇಸಿಗೆಯದ್ದೇ ಚಿಂತೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಪೈಪ್ ಓಡುವುದು ಅಟ್ಟದ ಮೇಲೆ, ಮಾಡಿನ ಅಡಿಯಲ್ಲಿ, ಹೊರಗಿನ ಚಳಿ ನೇರವಾಗಿ ತಾಗುವಲ್ಲಿ. 2021ರ ಫೆಬ್ರವರಿಯಲ್ಲಿ ಏನಾಯಿತು ಅಂತ ಅಲ್ಲಿ ಮಕ್ಕಳಿರುವವರೆಲ್ಲ ಮರೆತಿರಲಿಕ್ಕಿಲ್ಲ. ಡಲ್ಲಾಸ್‌ನಲ್ಲಿ ಫೆಬ್ರವರಿ 16ರಂದು ಮೈನಸ್ 19ಕ್ಕೆ ಇಳಿಯಿತು. ರಾಜ್ಯದಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ಕರೆಂಟ್ ಹೋಯಿತು, ಕರೆಂಟ್ ಹೋದದ್ದೇ ಹೀಟರ್ ನಿಂತಿತು, ಹೀಟರ್ ನಿಂತದ್ದೇ ಅಟ್ಟದ ಪೈಪುಗಳು ಹೆಪ್ಪುಗಟ್ಟಿದವು. ಬಿಸಿಲು ಬಂದು ಗಡ್ಡೆ ಕರಗಿದಾಗ ಸೀಲಿಂಗಿನಿಂದ ನೀರು ಸುರಿಯಿತು. ಒಂದೇ ಸಲಕ್ಕೆ ಅಷ್ಟು ಮನೆಗಳಿಗೆ ಹೋಗಲು ಪ್ಲಂಬರ್‌ಗಳು ಎಲ್ಲಿಂದ ಬರಬೇಕು? ಅಂಥ ಊರಲ್ಲಿ ಕರೆಂಟ್ ಹೋಗಿ ಬೇಗ ಬರುವ ಲಕ್ಷಣ ಇಲ್ಲದಿದ್ದರೆ ಮೈನ್ ವಾಲ್ವ್ ಮುಚ್ಚಿ, ಮನೆಯ ಎಲ್ಲ ನಳ್ಳಿ ತೆರೆದು ಪೈಪುಗಳನ್ನು ಖಾಲಿ ಮಾಡಿಬಿಡುವುದೇ ಸರಿ. ಒಳಗೆ ನೀರೇ ಇಲ್ಲದ ಪೈಪ್ ಒಡೆಯುವುದಿಲ್ಲ.

ಒಡೆದೇ ಹೋದರೆ? ಮೊದಲು ವಾಲ್ವ್. ಆಮೇಲೆ ಕೆಳಗಿನ ಮಹಡಿಯ ನಳ್ಳಿಗಳನ್ನು ತೆರೆದು ಪೈಪಿನಲ್ಲಿ ಉಳಿದದ್ದನ್ನು ಇಳಿಸಬೇಕು. ನೀರು ಕರೆಂಟಿನ ಪೆಟ್ಟಿಗೆಯ ಹತ್ತಿರವೋ ಸ್ವಿಚ್ಚಿನ ಮೇಲೋ ಬಿದ್ದಿದ್ದರೆ ಆ ನೀರಿಗೆ ಕಾಲಿಡದೆ ಮಗು ಬಾಣಂತಿಯನ್ನು ಬೇರೆ ಕಡೆಗೆ ಕರೆದುಕೊಂಡು ಹೋಗಿ, ಉಳಿದದ್ದು ಬಂದವರು ನೋಡಿಕೊಳ್ಳಲಿ. ಒರೆಸಲು ಶುರು ಮಾಡುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಡೆದ ಪೈಪಿನ ತುಂಡನ್ನು ಪ್ಲಂಬರ್ ಬಿಸಾಡದ ಹಾಗೆ ಇಟ್ಟುಕೊಳ್ಳಿ, ಇನ್ಶೂರೆನ್ಸ್‌ನವರು ಕೇಳುತ್ತಾರೆ. ಮನೆ ಬೀಗ ಹಾಕಿ ಹೋಗುವಾಗ ಹೀಟಿಂಗ್ ಪೂರ್ತಿ ಆಫ್ ಮಾಡಿದ್ದರೆ ದುಡ್ಡು ಕೊಡಲು ಅವರು ಒಪ್ಪದೇ ಇರಬಹುದು. ಮಗಳ ಪರಿಚಯದ ಒಂದು ಕುಟುಂಬ ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಹಾಗೇ ಆಯಿತು. ಮೇಲಿನ ಬಚ್ಚಲಿನ ಪೈಪ್ ಒಡೆದು, ಕೆಳಗಿನ ಎಲ್ಲ ಕೋಣೆ ಹಾಳಾಗಿ, ವಾಪಸ್ ಹೋದವರು ತಿಂಗಳುಗಟ್ಟಲೆ ಬಾಡಿಗೆ ಮನೆಯಲ್ಲಿ ಇರಬೇಕಾಯಿತು. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಅವರು ಪಟ್ಟ ಪಾಡು ಕೇಳಿದರೆ ಬೇಸರವಾಗುತ್ತದೆ. ಮನೆ ಬಿಟ್ಟು ಹೋಗುವಾಗಲೂ ಕಮ್ಮಿಯೆಂದರೆ 55 ಫ್ಯಾರನ್‌ಹೀಟ್, ಅಂದರೆ 13 ಸೆಲ್ಸಿಯಸ್ ಇಟ್ಟು ಹೋಗಬೇಕು. ಬಹಳ ದಿನ ಇಲ್ಲದಿದ್ದರೆ ಮೈನ್ ವಾಲ್ವ್ ಮುಚ್ಚಿಯೇ ಹೋಗಬೇಕು. ಮಕ್ಕಳು ರಜೆಗೆ ಊರಿಗೆ ಬರುವಾಗ ಚಕ್ಕುಲಿ ಹಲಸಿನ ಹಪ್ಪಳದ ವಿಚಾರ ಮಾತಾಡುವ ಜತೆಗೆ ಇದನ್ನೂ ಒಂದು ಮಾತು ಕೇಳಿಬಿಡಿ.

ಅದೇ ರೀತಿ, ಮಲಗುವ ಮೊದಲು ಥರ್ಮೋಸ್ಟಾಟ್ (ಮನೆಯ ಬಿಸಿ ಎಷ್ಟಿರಬೇಕು ಅಂತ ಇಡುವ ಸ್ವಿಚ್) ಇಳಿಸಿ ಕರೆಂಟ್, ಗ್ಯಾಸ್ ಉಳಿಸುವ ಅಭ್ಯಾಸ ಕೆಲವು ಮನೆಗಳಲ್ಲಿ ಉಂಟು. ಮಾಮೂಲಿ ದಿನ ಅದು ಒಳ್ಳೆಯದೇ. ಮೈನಸ್ 20 ದಾಟಿದ ರಾತ್ರಿ ಬೇಡ.

ಬೇಸಿಗೆಯಲ್ಲಿ ಹೋಗುವ ಅಪ್ಪ ಅಮ್ಮಂದಿರಿಗೂ ಇಲ್ಲಿ ಒಂದು ಮಾತುಂಟು. ನಾವು ಮೇ ತಿಂಗಳಲ್ಲಿ ಹೋದರೆ ಸುಮ್ನೆ ಕೂರುವುದಿಲ್ಲ. ಹಿತ್ತಿಲಲ್ಲಿ ಹರಿವೆ, ಬೆಂಡೆ, ಅಲಸಂಡೆ ಬೀಜ ಹಾಕುತ್ತೇವೆ. ಹೊರಗೋಡೆಯ ನಳ್ಳಿಗೆ ಹೋಸ್ ಪೈಪ್ ಸಿಕ್ಕಿಸಿ ಬೆಳಿಗ್ಗೆ ಸಂಜೆ ನೀರು ಬಿಡುತ್ತೇವೆ. ಅಕ್ಟೋಬರಿನಲ್ಲಿ ವಾಪಸ್ ಬರುವಾಗ ಆ ಹೋಸ್ ಅಲ್ಲೇ ಸಿಕ್ಕಿಸಿದ ಹಾಗೆ ಇರುತ್ತದೆ. ಅದನ್ನು ಬಿಚ್ಚಿಡಲೇಬೇಕು. ಅಲ್ಲಿನ ಹೊಸ ಮನೆಗಳಲ್ಲಿ ಹೊರಗಿನ ನಳ್ಳಿ ಬೇರೆ ಥರ ಇರುತ್ತದೆ, ಹಿಡಿ ಹೊರಗೆ ಇದ್ದರೂ ನೀರು ಕಟ್ ಆಗುವ ಜಾಗ ಗೋಡೆಯೊಳಗೆ, ಬೆಚ್ಚಗಿನ ಕಡೆ. ನಳ್ಳಿ ಮುಚ್ಚಿದ ಮೇಲೆ ನಡುವಿನ ಕೊಳವೆಯಲ್ಲಿ ಉಳಿದ ನೀರು ಹೊರಗೆ ಇಳಿದು ಹೋಗುತ್ತದೆ. ಹೋಸ್ ಸಿಕ್ಕಿಸಿಯೇ ಇದ್ದರೆ ಅದು ಇಳಿಯುವುದಿಲ್ಲ, ಒಳಗೇ ನಿಂತು ಹೆಪ್ಪುಗಟ್ಟಿ ಕೊಳವೆ ಸೀಳುತ್ತದೆ. ಚಳಿಗಾಲವಿಡೀ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಗಿಡಕ್ಕೆ ನೀರು ಬಿಡುವ ಅಂತ ತಿರುಗಿಸಿದಾಗ ಬೇಸ್‌ಮೆಂಟಿನೊಳಗೆ ನೀರು ಬೀಳುತ್ತದೆ. ಹಳೆಯ ಮಾದರಿಯ ನಳ್ಳಿ ಆದರೆ ಅದಕ್ಕೆ ಒಳಗೆ ಬೇರೆ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿ, ಹೊರಗಿನ ನಳ್ಳಿ ತೆರೆದಿಡಬೇಕು.

ಪೈಪಿಗೆ ಸುತ್ತುವ ಫೋಮ್ ಕೊಳವೆ ಅಂಗಡಿಯಲ್ಲಿ ಕಮ್ಮಿಗೇ ಸಿಗುತ್ತದೆ, ಒಳ್ಳೆಯದು. ಅದು ತಾನಾಗಿ ಬಿಸಿ ಕೊಡುವುದಿಲ್ಲ, ತಣ್ಣಗಾಗುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಕರೆಂಟಿನಿಂದ ಬಿಸಿಯಾಗುವ ಹೀಟ್ ಟೇಪ್ ಅಂತಲೂ ಉಂಟು. ಅದನ್ನು ಕೂರಿಸುವುದು ಗೊತ್ತಿರುವವರೇ ಮಾಡಬೇಕು. ಒಂದರ ಮೇಲೆ ಒಂದು ಬರುವ ಹಾಗೆ ಸುತ್ತಿದರೆ ಬೆಂಕಿ ಹಿಡಿಯುವ ಅಪಾಯ.

ಬೆಂಕಿ ಅಂದಾಗ ಬಾಣಂತನಕ್ಕೆ ಹೋಗುವವರಿಗೆ ಹೇಳಲೇಬೇಕಾದ ಇನ್ನೊಂದು ವಿಷಯ. ಮೀಯಿಸಿದ ಮೇಲೆ ಬಾಣಂತಿಗೂ ಮಗುವಿಗೂ ಕೆಂಡದ ಕಾವು, ಹೊಗೆ ಕೊಡುವುದು ನಮ್ಮ ಪದ್ಧತಿ. ಇಲ್ಲಿ ಬಚ್ಚಲಿನ ಮಾಡಿನ ಸಂದಿನಲ್ಲಿ ಹೊಗೆ ಹೋಗುತ್ತದೆ. ಅಲ್ಲಿ ಚಳಿಗಾಲದಲ್ಲಿ ಕಿಟಕಿ ಬಾಗಿಲು ಗಾಳಿಯಾಡದ ಹಾಗೆ ಮುಚ್ಚಿರುತ್ತವೆ. ಅಂಥ ಮನೆಯೊಳಗೆ ಇದ್ದಿಲ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. 2021ರಲ್ಲಿ ಟೆಕ್ಸಾಸ್‌ನಲ್ಲಿ ಕರೆಂಟ್ ಇಲ್ಲದಾಗ ಮನೆಯೊಳಗೆ ಇದ್ದಿಲು ಉರಿಸಿ, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಬೆಚ್ಚಗಾಗಲು ಹೋದವರು ಸತ್ತಿದ್ದಾರೆ. ಮನೆಯನ್ನು ಬೆಚ್ಚಗಿಡುವ ಯಂತ್ರ, ಫರ್ನೇಸ್, ನಿಂತಿತು ಅಂತ ಗ್ಯಾಸ್ ಒಲೆ ಉರಿಸಿ ಮನೆ ಬಿಸಿ ಮಾಡುವುದೂ ಬೇಡ. ಫರ್ನೇಸ್ ನಿಲ್ಲುವುದಕ್ಕೆ ಎಷ್ಟೋ ಸಲ ಕಾರಣ ಸಣ್ಣದೇ ಇರುತ್ತದೆ. ಧೂಳು ತುಂಬಿದ ಫಿಲ್ಟರ್, ಇಲ್ಲವಾದರೆ ಹೊರಗೋಡೆಯಲ್ಲಿ ಗಾಳಿ ಹೋಗಿ ಬರುವ ಬಿಳಿ ಕೊಳವೆಯ ಬಾಯಿಗೆ ಹಿಮ ಕೂತಿರುವುದು. ದೊಡ್ಡ ಹಿಮ ಬಿದ್ದ ಮರುದಿನ ಆ ಬಾಯಿಯನ್ನು ಯಾರಾದರೂ ಹೋಗಿ ನೋಡಬೇಕು. ನಮ್ಮನೆಯವರು ಅದನ್ನು ತಮ್ಮ ಕೆಲಸ ಮಾಡಿಕೊಂಡಿದ್ದರು. ಬೂಟು ಹಾಕಿ, ಕೈಗವಸು ಹಾಕಿ, ಸಲಿಕೆ ಹಿಡಿದು.

ಕೊನೆಗೆ ನೀರು ತುಂಬಿಸಿಡುವ ವಿಷಯ. ನಮ್ಮ ಮನೆಗಳಲ್ಲಿ ಹಂಡೆ, ಬಾಲ್ದಿ, ಕೊಡಪಾನ ಎಲ್ಲದರಲ್ಲೂ ಯಾವಾಗಲೂ ನೀರಿರುತ್ತದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಒಂದು ಬಾಲ್ದಿಯೂ ಇರುವುದಿಲ್ಲ, ನಳ್ಳಿ ತಿರುಗಿಸಿದರೆ ನೀರು ಬರುತ್ತದೆ ಅನ್ನುವ ನಂಬಿಕೆಯಲ್ಲಿ ಬದುಕು. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಸುಮಾರು ನಾಲ್ಕು ಲೀಟರ್ ಕುಡಿಯುವ ನೀರು ಮನೆಯಲ್ಲಿ ತೆಗೆದಿಡಿ ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ, ಮೂರು ದಿನಕ್ಕಾಗುವಷ್ಟು. ಬಾಣಂತಿಗೆ ಅದು ಸಾಲದು. ಎಣ್ಣೆ ಹಚ್ಚಿ ಮೀಯಿಸಲು, ಮಗುವಿನ ಬಟ್ಟೆಗೆ, ಹಾಲಿನ ಬಾಟಲಿ ಕುದಿಸಲು ಎಷ್ಟು ಬೇಕು ಅಂತ ನಮಗೆ ಗೊತ್ತು. ಮೈನಸ್ 20 ಅಂತ ಫೋನಿನಲ್ಲಿ ಹವಾಮಾನದ ಎಚ್ಚರಿಕೆ ಬಂದರೆ ನಾನು ಸಂಜೆಯೇ ದೊಡ್ಡ ಪಾತ್ರೆಗಳಲ್ಲಿ ಕುಡಿಯುವ ನೀರು ತುಂಬಿಸಿ, ಬಾತ್‌ಟಬ್‌ನಲ್ಲಿ ಅರ್ಧ ನೀರು ಬಿಟ್ಟು, ಆ ಬಚ್ಚಲಿನ ಬಾಗಿಲಿಗೆ ಮಕ್ಕಳು ಹೋಗದ ಹಾಗೆ ಚಿಲಕ ಹಾಕುತ್ತಿದ್ದೆ. ನಳ್ಳಿ ನಿಂತರೂ ಕಕ್ಕಸಿಗೆ ಆ ನೀರಾದರೂ ಆಗುತ್ತದೆ, ಒಂದು ಬಾಲ್ದಿ ಕೊಂಡು ಇಟ್ಟುಕೊಂಡರೆ.